ಉತ್ತರ ಹೇಳದೆ ಪಾಠ ಮಾಡುವುದು ಹೇಗೆ: ಸಮಸ್ಯೆ, ಚರ್ಚೆ, ಮಕ್ಕಳದೇ ಸಂಶೋಧನೆಗೆ ಒಂದು ಸಮಗ್ರ ಮಾರ್ಗದರ್ಶಿ

ಮೊದಲ ಸಲ ನಾನು ಗುಂಪು ಚರ್ಚೆ ಮಾಡಿಸಿದ್ದು ಇನ್ನೂ ನೆನಪಿದೆ. ಬೋರ್ಡಿನ ಮೇಲೆ 'ಮಾಲಿನ್ಯ' ಅಂತ ದೊಡ್ಡದಾಗಿ ಬರೆದೆ, ಎಂಟೆಂಟು ಮಕ್ಕಳ ಗುಂಪು ಮಾಡಿದೆ, "ಚರ್ಚೆ ಮಾಡಿ" ಅಂದೆ, ಕೈಕಟ್ಟಿ ನಿಂತೆ. ನಾಲ್ಕೇ ನಿಮಿಷ. ಪ್ರತಿ ಗುಂಪಿನಲ್ಲೂ ಒಬ್ಬರು ಬರೆಯುತ್ತಿದ್ದರು, ಇಬ್ಬರು ಆ ಪುಸ್ತಕವನ್ನು ಇಣುಕಿ ನೋಡುತ್ತಿದ್ದರು, ಉಳಿದವರು ನಿನ್ನೆಯ ಆಟದ ಕಥೆ ಹೇಳಿಕೊಳ್ಳುತ್ತಿದ್ದರು. ಬರೆದದ್ದಾದರೂ ಏನು? ಪಠ್ಯಪುಸ್ತಕದಲ್ಲಿದ್ದ ಐದು ಅಂಶ, ಅದೇ ಕ್ರಮದಲ್ಲಿ.

ತಪ್ಪು ಮಕ್ಕಳದಲ್ಲ. 'ಮಾಲಿನ್ಯ' ಅನ್ನುವುದು ಪ್ರಶ್ನೆಯೇ ಅಲ್ಲ, ಅದೊಂದು ಪದ. ಪದದ ಮೇಲೆ ಯಾರು ಏನಂತ ವಾದ ಮಾಡುತ್ತಾರೆ?

ಸಮಸ್ಯೆ ಬಿಡಿಸುವುದು, ಚರ್ಚೆ, ಮಕ್ಕಳು ಮಾಡುವ ಸಂಶೋಧನೆ. ಟ್ರೈನಿಂಗಿನಲ್ಲಿ ಇವನ್ನು ಮೂರು ಬೇರೆ ಬೇರೆ ಅಧ್ಯಾಯವಾಗಿ ಓದಿರುತ್ತೇವೆ. ಕ್ಲಾಸಿನಲ್ಲಿ ಅವು ಹಾಗೆ ಬೇರೆ ಬೇರೆ ನಿಲ್ಲುವುದಿಲ್ಲ. ಒಂದು ಒಳ್ಳೆಯ ಸಮಸ್ಯೆ ಕೊಟ್ಟರೆ ಚರ್ಚೆ ತಾನಾಗಿಯೇ ಹುಟ್ಟುತ್ತದೆ, ಚರ್ಚೆ ಬಗೆಹರಿಯದೆ ಹೋದರೆ ಯಾರೋ ಒಬ್ಬರು "ಮಾಡಿಯೇ ನೋಡೋಣ" ಅನ್ನುತ್ತಾರೆ, ಅಲ್ಲಿಗೆ ಸಂಶೋಧನೆ ಶುರುವಾಯಿತು. ಮೂರರಲ್ಲೂ ಟೀಚರ್ ಕೆಲಸ ಒಂದೇ ತರಹದ್ದು. ಕ್ಲಾಸಿಗೆ ಮುಂಚೆ ಪ್ರಶ್ನೆಯ ಮೇಲೆ ಬೆವರು ಸುರಿಸಬೇಕು. ಕ್ಲಾಸಿನ ನಡುವೆ ಬಾಯಿ ಬಿಗಿಹಿಡಿಯಬೇಕು. ಕೊನೆಗೆ ಬಂದದ್ದನ್ನೆಲ್ಲ ಗಂಟು ಕಟ್ಟಿ ಕೊಡಬೇಕು. ನಡುವಿನದೇ ಕಷ್ಟ, ನನ್ನನ್ನು ಕೇಳಿದರೆ.

ಎಲ್ಲ ಪಾಠಕ್ಕೂ ಇದು ಬೇಡ

ಇದನ್ನು ಮೊದಲೇ ಹೇಳಿಬಿಡುತ್ತೇನೆ. 90 ಡಿಗ್ರಿ ಕೋನಕ್ಕೆ ಲಂಬಕೋನ ಅಂತ ಹೆಸರು ಅನ್ನುವುದನ್ನು ಮಕ್ಕಳು ಕಂಡುಹಿಡಿಯಬೇಕಾಗಿಲ್ಲ. ಹೆಸರು, ಚಿಹ್ನೆ, ಉಪಕರಣ ಹಿಡಿಯುವ ರೀತಿ, ಬೆಂಕಿ ಮತ್ತು ಆಸಿಡ್ ಹತ್ತಿರದ ಎಚ್ಚರಿಕೆ, ಇವನ್ನೆಲ್ಲ ನೇರವಾಗಿ ಹೇಳಿ. ಎರಡು ನಿಮಿಷದ ಕೆಲಸಕ್ಕೆ ಒಂದು ಪೀರಿಯಡ್ ಯಾಕೆ ಸುಡಬೇಕು?

2006ರಲ್ಲಿ ಕಿರ್ಷ್ನರ್, ಸ್ವೆಲ್ಲರ್, ಕ್ಲಾರ್ಕ್ ಅನ್ನುವ ಮೂವರು ಸಂಶೋಧಕರು ಒಂದು ಖಾರವಾದ ಲೇಖನ ಬರೆದರು. ವಿಷಯಕ್ಕೆ ತೀರಾ ಹೊಸಬರಾದ ಮಕ್ಕಳನ್ನು ಮಾರ್ಗದರ್ಶನವೇ ಇಲ್ಲದೆ ಸಮಸ್ಯೆಗೆ ತಳ್ಳಿದರೆ ತಲೆಯ ಮೇಲೆ ಹೊರೆ ಜಾಸ್ತಿಯಾಗಿ ಕಲಿಕೆ ಕೆಡುತ್ತದೆ ಅಂತ ಅವರ ವಾದ. ಇನ್ನೊಂದು ಕಡೆ ಮನು ಕಪೂರ್ ಅನ್ನುವವರ ಪ್ರಯೋಗಗಳಿವೆ. ಮೊದಲು ಸಮಸ್ಯೆಯ ಜೊತೆ ಒದ್ದಾಡಿ, ಸೋತು, ಆಮೇಲೆ ಪಾಠ ಕೇಳಿದ ಮಕ್ಕಳಿಗೆ ಪರಿಕಲ್ಪನೆ ಹೆಚ್ಚು ಗಟ್ಟಿಯಾಗಿ ಅರ್ಥವಾಯಿತು ಅಂತ ಅವರು ತೋರಿಸಿದರು. ಎರಡೂ ಎದುರುಬದುರು ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ಗಮನಿಸಿ. ಕಪೂರ್ ಪ್ರಯೋಗದಲ್ಲೂ ಒದ್ದಾಟದ ನಂತರ ಟೀಚರ್ ಪಾಠ ಇದ್ದೇ ಇದೆ. ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟು ಸ್ಟಾಫ್ ರೂಮಿಗೆ ಹೋಗಿ ಅಂತ ಯಾರೂ ಹೇಳಿಲ್ಲ.

ನನ್ನ ಅಳತೆಗೋಲು ಸರಳ. ಮಕ್ಕಳ ಹತ್ತಿರ ಈಗಾಗಲೇ ಇರುವ ತಿಳುವಳಿಕೆಯಿಂದ ಅರ್ಧ ದಾರಿಯಾದರೂ ನಡೆಯಲು ಆಗುತ್ತದೆ ಅಂದರೆ ಸಮಸ್ಯೆ ಕೊಡಿ. ಒಂದು ಹೆಜ್ಜೆಯೂ ಇಡಲು ಆಗಲ್ಲ ಅಂದರೆ ಪಾಠ ಮಾಡಿ.

ಒಂದನೆಯದು: ಸಮಸ್ಯೆ ಬಿಡಿಸುವ ಕ್ಲಾಸು

ಸಮಸ್ಯೆ ಅಂದರೆ ಅಭ್ಯಾಸದ ಲೆಕ್ಕ ಅಲ್ಲ. ಉದ್ದ 8, ಅಗಲ 4, ವಿಸ್ತೀರ್ಣ ಎಷ್ಟು ಅಂದರೆ ಸೂತ್ರ ಹಾಕಿದರಾಯಿತು, ಅಲ್ಲಿ ಯೋಚನೆಗೆ ಜಾಗವೇ ಇಲ್ಲ. ಇದನ್ನೇ ಹೀಗೆ ತಿರುಗಿಸಿ ನೋಡಿ:

"24 ಮೀಟರ್ ಬೇಲಿ ಇದೆ. ಅದರಿಂದ ಆಯತಾಕಾರದ ತೋಟ ಸುತ್ತಬೇಕು. ಯಾವ ಅಳತೆ ಇಟ್ಟರೆ ಒಳಗೆ ಅತಿ ಹೆಚ್ಚು ಜಾಗ ಸಿಗುತ್ತದೆ?"

ಇಲ್ಲಿ ಹಿಂದಿನ ಬೆಂಚಿನ ಮಗುವೂ ಏನೋ ಒಂದು ಆಯತ ಬರೆದು ಶುರು ಮಾಡಬಹುದು. ಮೊದಲ ನೋಟಕ್ಕೆ ಉತ್ತರ ಕಾಣುವುದಿಲ್ಲ. ಬೇಗ ಮುಗಿಸಿದವರಿಗೆ ಮುಂದೆ ಕೊಡಲು ಇನ್ನೊಂದು ಸುತ್ತು ಕೂಡ ಇದೆ. ಒಂದು ಸಮಸ್ಯೆಯಲ್ಲಿ ಇಷ್ಟು ಇದ್ದರೆ ಸಾಕು. ಇದೇ ಸಮಸ್ಯೆ ಹಿಡಿದು 45 ನಿಮಿಷದ ಪೀರಿಯಡ್ ಹೇಗೆ ಸಾಗುತ್ತದೆ ಅಂತ ಹೇಳುತ್ತೇನೆ.

ಹಿಂದಿನ ರಾತ್ರಿ: ಮೊದಲು ನೀವೇ ಬಿಡಿಸಿ. ಒಂದೇ ದಾರಿಯಲ್ಲಲ್ಲ, ಎರಡು ಮೂರು ದಾರಿಯಲ್ಲಿ. ಆಮೇಲೆ ಮಕ್ಕಳು ಎಲ್ಲೆಲ್ಲಿ ಎಡವಬಹುದು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಈ ಲೆಕ್ಕದಲ್ಲಿ ಸಿಗುವ ಮೊದಲ ಎಡವಟ್ಟು ಯಾವುದು ಗೊತ್ತಾ? ಉದ್ದ ಮತ್ತು ಅಗಲ ಕೂಡಿದರೆ 24 ಬರಬೇಕು ಅಂದುಕೊಳ್ಳುವುದು. ನಾಲ್ಕು ಬದಿ ಸೇರಿ 24, ಹಾಗಾಗಿ ಉದ್ದ ಅಗಲ ಸೇರಿದರೆ 12. ಈ ಚೀಟಿ ಇಲ್ಲದೆ ಕ್ಲಾಸಿಗೆ ಹೋದರೆ ಮಕ್ಕಳ ತಪ್ಪು ನಿಮಗೆ ಬರೀ ತಪ್ಪಾಗಿ ಕಾಣುತ್ತದೆ. ಚೀಟಿ ಇದ್ದರೆ, ಹೂಂ, ಇದು ಬರಬೇಕಾದದ್ದೇ ಅನ್ನಿಸುತ್ತದೆ, ಸಿಟ್ಟು ಬರುವುದಿಲ್ಲ.

ಮೊದಲ 5 ನಿಮಿಷ: ಸಮಸ್ಯೆಯನ್ನು ಬೋರ್ಡಿನ ಮೇಲೆ ಬರೆಯಿರಿ, ವಿವರಿಸಬೇಡಿ. ಇಬ್ಬರು ಮಕ್ಕಳಿಂದ ಅವರದೇ ಮಾತಿನಲ್ಲಿ ಹೇಳಿಸಿ. "ಇದರಲ್ಲಿ ಬದಲಾಗದೇ ಇರುವುದು ಯಾವುದು, ಬದಲಾಗುವುದು ಯಾವುದು?" ಅಂತ ಕೇಳಿ. ಅಷ್ಟೇ. ಜಾರ್ಜ್ ಪೋಲ್ಯಾ ಅನ್ನುವ ಗಣಿತಜ್ಞ 1945ರಲ್ಲೇ ಸಮಸ್ಯೆ ಬಿಡಿಸುವುದಕ್ಕೆ ನಾಲ್ಕು ಹಂತ ಹೇಳಿದ್ದರು: ಅರ್ಥ ಮಾಡಿಕೊಳ್ಳುವುದು, ಉಪಾಯ ಹೂಡುವುದು, ಉಪಾಯ ನಡೆಸುವುದು, ಹಿಂತಿರುಗಿ ನೋಡುವುದು. ನಮ್ಮ ಕ್ಲಾಸುಗಳಲ್ಲಿ ಮೊದಲನೆಯದೂ ಕೊನೆಯದೂ ಹಾರಿಹೋಗುತ್ತವೆ, ಗಂಟೆ ಹೊಡೆಯುವ ಭಯಕ್ಕೆ.

ಮುಂದಿನ 5 ನಿಮಿಷ: ಒಬ್ಬೊಬ್ಬರೇ. ಪೂರ್ತಿ ಮೌನ. ಇದನ್ನು ಬಿಟ್ಟು ನೇರ ಗುಂಪಿಗೆ ಹೋದರೆ ಚುರುಕಾದ ಒಬ್ಬರು ಯೋಚಿಸುತ್ತಾರೆ, ಉಳಿದವರು ಅವರನ್ನು ನೋಡುತ್ತಾರೆ. ಕೈಯಲ್ಲಿ ಏನಾದರೂ ಒಂದು ಇಟ್ಟುಕೊಂಡು ಗುಂಪಿಗೆ ಬಂದ ಮಗು ಮಾತಾಡುತ್ತದೆ. ಖಾಲಿ ಕೈಯಲ್ಲಿ ಬಂದ ಮಗು ತಲೆಯಾಡಿಸುತ್ತದೆ, ಇಷ್ಟೇ ವ್ಯತ್ಯಾಸ.

ನಂತರ 15 ನಿಮಿಷ ಗುಂಪು. ಮೂರು ಜನ, ಜಾಸ್ತಿ ಅಂದರೆ ನಾಲ್ಕು. ಐದನೆಯ ಮಗುವಿಗೆ ಯಾವಾಗಲೂ ರಜೆ. ಗುಂಪಿಗೆ ಒಂದೇ ಹಾಳೆ, ಒಂದೇ ಪೆನ್ನು ಕೊಡಿ. ಮೂರು ಹಾಳೆ ಕೊಟ್ಟರೆ ಅಕ್ಕಪಕ್ಕ ಕೂತ ಮೂವರು ಒಂಟಿ ಮಕ್ಕಳಾಗುತ್ತಾರೆ.

ನೀವು ಸುತ್ತಾಡುತ್ತಿರಿ. ಪೆನ್ನು ಮಾತ್ರ ಮುಟ್ಟಬೇಡಿ. ಮಗುವಿನ ಹಾಳೆಯ ಮೇಲೆ ಟೀಚರ್ ಪೆನ್ನು ಬಿತ್ತು ಅಂದರೆ ಆ ಸಮಸ್ಯೆ ಆಮೇಲೆ ಟೀಚರದ್ದು. ಸಿಕ್ಕಿಹಾಕಿಕೊಂಡ ಗುಂಪಿಗೆ ನಾನು ಕೇಳುವುದು ಮೂರೇ ಪ್ರಶ್ನೆ. ಇಲ್ಲಿವರೆಗೆ ಏನು ಮಾಡಿದಿರಿ? ಯಾಕೆ ಹಾಗೆ ಮಾಡಿದಿರಿ? ಇದಕ್ಕಿಂತ ಚಿಕ್ಕ ಅಂಕಿ ಹಾಕಿದರೆ ಏನಾಗುತ್ತದೆ? ಅರ್ಧ ಗುಂಪುಗಳು ಮೊದಲ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತಲೇ "ಓ, ಇಲ್ಲಿ ತಪ್ಪಾಗಿದೆ" ಅಂತ ತಾವೇ ತಿದ್ದಿಕೊಳ್ಳುತ್ತವೆ. ಆಗ ಸುಮ್ನೆ ಮುಂದೆ ಹೋಗಿ.

ಸುತ್ತಾಡುವಾಗ ಇನ್ನೊಂದು ಕೆಲಸ ಇದೆ. ಯಾವ ಗುಂಪು ಯಾವ ದಾರಿ ಹಿಡಿದಿದೆ ಅಂತ ಗುರುತು ಹಾಕಿಕೊಳ್ಳಿ. ಬೋರ್ಡಿಗೆ ಕರೆಯುವ ಕ್ರಮ ಇದರಿಂದಲೇ ಸಿಗುತ್ತದೆ. ಸರಿ ಉತ್ತರ ಬಂದವರನ್ನು ಮೊದಲು ಕರೆದರೆ ಕಥೆ ಅಲ್ಲಿಗೇ ಮುಗಿಯಿತು, ಉಳಿದವರು ಪುಸ್ತಕ ಮುಚ್ಚುತ್ತಾರೆ. ಮೊದಲು ಅಲ್ಲೊಂದು ಇಲ್ಲೊಂದು ಆಯತ ಬರೆದವರು ಬರಲಿ. ಆಮೇಲೆ ಪಟ್ಟಿ ಮಾಡಿದವರು: 1 ಮತ್ತು 11 ಅಂದರೆ 11 ಚದರ ಮೀಟರ್, 2 ಮತ್ತು 10 ಅಂದರೆ 20, 3 ಮತ್ತು 9 ಕ್ಕೆ 27, 4 ಮತ್ತು 8 ಕ್ಕೆ 32, 5 ಮತ್ತು 7 ಕ್ಕೆ 35, 6 ಮತ್ತು 6 ಕ್ಕೆ 36. ಕೊನೆಗೆ ಆ ಪಟ್ಟಿಯಲ್ಲಿ ಏರಿಕೆ 9, 7, 5, 3, 1 ಅಂತ ಕಮ್ಮಿಯಾಗುತ್ತ ಬರುವುದನ್ನು ಕಂಡವರು, ಯಾರಾದರೂ ಇದ್ದರೆ.

ನನ್ನ ಕ್ಲಾಸಿನಲ್ಲಿ ಈ ಹಂತಕ್ಕೆ ಬಂದಾಗ ಒಬ್ಬ ಹುಡುಗ ಎದ್ದು, "6 ಮತ್ತು 6 ಆಯತ ಅಲ್ಲ, ಚೌಕ. ನೀವು ಆಯತ ಕೇಳಿದ್ದು" ಅಂದ. ಅಲ್ಲಿಂದ ಎಂಟು ನಿಮಿಷ ಜಗಳ. ಚೌಕ ಆಯತವೋ ಅಲ್ಲವೋ? ಕೊನೆಗೆ ಒಬ್ಬಳು ಬೋರ್ಡಿನ ಮೇಲೆ ಆಯತದ ವ್ಯಾಖ್ಯೆ ಬರೆದು, ಪ್ರತಿಯೊಂದು ಮಾತಿಗೂ ಚೌಕ ಹೊಂದುತ್ತದೆಯೇ ಅಂತ ಟಿಕ್ ಹಾಕುತ್ತ ಹೋದಳು. ಅದನ್ನು ನಾನು ಹಿಂದಿನ ವರ್ಷ ಎರಡು ಸಲ ಪಾಠ ಮಾಡಿದ್ದೆ, ಯಾರ ತಲೆಗೂ ಹತ್ತಿರಲಿಲ್ಲ. ಇನ್ನೊಬ್ಬಳು 6.5 ಮತ್ತು 5.5 ಹಾಕಿ ನೋಡೋಣ ಅಂದಳು. 35.75 ಬಂತು. "ಛೇ, ಸ್ವಲ್ಪದರಲ್ಲಿ ತಪ್ಪಿತು" ಅಂತ ಅವಳ ಮುಖ ಸಣ್ಣದಾಯಿತು.

ಕೊನೆಯ 10 ನಿಮಿಷ ನಿಮ್ಮದು. ಈಗ ಮಾತಾಡಿ, ಧಾರಾಳವಾಗಿ. ಯಾವ ದಾರಿ ಯಾಕೆ ಕೆಲಸ ಮಾಡಿತು, ಸುತ್ತಳತೆ ಅಷ್ಟೇ ಇದ್ದರೂ ವಿಸ್ತೀರ್ಣ ಬದಲಾಗುತ್ತದೆ ಅನ್ನುವ ಮುಖ್ಯ ಮಾತು ಯಾವುದು ಅಂತ ಸ್ಪಷ್ಟವಾಗಿ ಹೇಳಿ, ಪುಸ್ತಕದಲ್ಲಿ ಬರೆಸಿ. ಇದನ್ನು ಬಿಟ್ಟರೆ ಕ್ಲಾಸು ಖುಷಿಯಾಗಿತ್ತು ಅನ್ನುವುದೊಂದೇ ಮಕ್ಕಳಿಗೆ ಉಳಿಯುತ್ತದೆ. ಆಮೇಲೆ ಮನೆಗೆ ಇನ್ನೊಂದು ಸುತ್ತು: ತೋಟದ ಒಂದು ಬದಿಗೆ ಗೋಡೆ ಇದೆ, ಅಲ್ಲಿ ಬೇಲಿ ಬೇಡ, ಈಗ ಯಾವ ಅಳತೆ? ಎಲ್ಲರೂ ಚೌಕ ಅಂತಲೇ ಹೇಳುತ್ತಾರೆ. 8 ಮತ್ತು 8, 64 ಚದರ ಮೀಟರ್. ಆದರೆ ಗೋಡೆಯ ಉದ್ದಕ್ಕೆ 12, ಅಡ್ಡಕ್ಕೆ 6 ಇಟ್ಟರೆ 72. ಮರುದಿನ ಕ್ಲಾಸಿಗೆ ನೀವು ಹೋಗುವ ಮೊದಲೇ ವಾದ ಶುರುವಾಗಿರುತ್ತದೆ.

ಎರಡನೆಯದು: ಚರ್ಚೆ

ಚರ್ಚೆಯ ಪ್ರಶ್ನೆಗೆ ಒಂದು ಪರೀಕ್ಷೆ ಇದೆ. ಇದಕ್ಕೆ ತಿಳಿದವರಿಬ್ಬರು ಎರಡು ಬೇರೆ ಉತ್ತರ ಕೊಡಬಹುದೇ? ಇಲ್ಲ ಅಂದರೆ ಅದು ಚರ್ಚೆಯ ಪ್ರಶ್ನೆ ಅಲ್ಲ. ವಿಜ್ಞಾನದಲ್ಲಿ ಸರಿ ಉತ್ತರ ಒಂದೇ ಇರುತ್ತದಲ್ಲ ಅನ್ನಬಹುದು. ಹೌದು, ಆದರೆ ಮಕ್ಕಳ ಮನಸ್ಸಿನಲ್ಲಿ ಮೂರಿರುತ್ತವೆ. ಅದನ್ನೇ ಹಿಡಿದುಕೊಳ್ಳಿ.

"ಲೋಟದ ಅಂಚಿನವರೆಗೆ ನೀರಿದೆ. ಅದರಲ್ಲಿ ಐಸ್ ತುಂಡು ತೇಲುತ್ತಿದೆ. ಐಸ್ ಕರಗಿದ ಮೇಲೆ ನೀರು ಚೆಲ್ಲುತ್ತದೆಯೇ, ಕೆಳಗಿಳಿಯುತ್ತದೆಯೇ, ಅಷ್ಟೇ ಇರುತ್ತದೆಯೇ?"

ಇದನ್ನು ನಡೆಸುವ ರೀತಿ ಹೀಗೆ. ಮೊದಲು ಎಲ್ಲರೂ ಉತ್ತರವನ್ನು ಕಾರಣದ ಜೊತೆ ಒಂದು ಸಾಲು ಬರೆಯಲಿ. ಆಮೇಲೆ ವೋಟು: ಚೆಲ್ಲುತ್ತದೆ ಅಂದರೆ ಒಂದು ಬೆರಳು, ಇಳಿಯುತ್ತದೆ ಅಂದರೆ ಎರಡು, ಅಷ್ಟೇ ಅಂದರೆ ಮೂರು. ಕೈಯನ್ನು ಎದೆಗೆ ಒತ್ತಿ ಹಿಡಿಯಲಿ, ಪಕ್ಕದವರಿಗೆ ಕಾಣಬಾರದು, ನಿಮಗೆ ಮಾತ್ರ ಕಾಣಬೇಕು. ಕೈ ಮೇಲೆತ್ತಿಸಿದರೆ ಕ್ಲಾಸಿನ ಜಾಣರ ಕೈ ನೋಡಿ ಉಳಿದ ಕೈಗಳು ಏಳುತ್ತವೆ, ಗೊತ್ತಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದ ಶುರುವಿನಿಂದ ಇದನ್ನೇ ದೊಡ್ಡ ಕ್ಲಾಸುಗಳಲ್ಲಿ ಮಾಡುತ್ತ ಬಂದರು. ಅವರ ಲೆಕ್ಕ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಸರಿ ಉತ್ತರ 30 ಪರ್ಸೆಂಟಿಗಿಂತ ಕಮ್ಮಿ ಇದ್ದರೆ ಚರ್ಚೆ ಬೇಡ, ವಿಷಯವನ್ನೇ ಮತ್ತೆ ಕಲಿಸಿ. 70 ದಾಟಿದರೆ ಚಿಕ್ಕದಾಗಿ ವಿವರಿಸಿ ಮುಂದೆ ಹೋಗಿ. ನಡುವೆ ಇದ್ದರೆ ಮಾತ್ರ, "ನಿಮಗಿಂತ ಬೇರೆ ಉತ್ತರ ಬರೆದವರನ್ನು ಹುಡುಕಿ ಒಪ್ಪಿಸಿ" ಅಂತ ಬಿಡಿ. ಮೂರು ನಿಮಿಷದ ನಂತರ ಮತ್ತೆ ವೋಟು. ಆಮೇಲೆ ನಿಜವಾಗಿ ಲೋಟ ಇಟ್ಟು ನೋಡಿ. ನೀರು ಅಷ್ಟೇ ಇರುತ್ತದೆ. ತೇಲುವ ಐಸ್ ತನ್ನ ತೂಕದಷ್ಟೇ ನೀರಿನ ಜಾಗ ಹಿಡಿದಿತ್ತು, ಕರಗಿದಾಗ ಅದೇ ತೂಕದ ನೀರಾಗಿ ಅದೇ ಜಾಗ ತುಂಬಿತು. ಐಸ್ ಕರಗುವವರೆಗೆ ಮಕ್ಕಳು ಲೋಟವನ್ನು ಬಿಟ್ಟು ಕದಲುವುದಿಲ್ಲ ನೋಡಿ, ತಮ್ಮ ವೋಟು ಅದರ ಮೇಲಿದೆಯಲ್ಲ.

ಇನ್ನು ಮೌನದ ವಿಷಯ. ಅಮೆರಿಕದ ಮೇರಿ ಬಡ್ ರೋವ್ 1970ರ ದಶಕದಲ್ಲಿ ಕ್ಲಾಸುಗಳನ್ನು ರೆಕಾರ್ಡ್ ಮಾಡಿ ಕೇಳಿದಾಗ, ಪ್ರಶ್ನೆ ಕೇಳಿದ ಟೀಚರ್ ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡು ಅಂತ ಗೊತ್ತಾಯಿತು. ಒಂದೇ ಸೆಕೆಂಡು! ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿ ಬಿಟ್ಟರು, ಮಕ್ಕಳೇ ಪ್ರಶ್ನೆ ಕೇಳುವುದೂ ಜಾಸ್ತಿಯಾಯಿತು. ಹೇಳುವುದು ಸುಲಭ. ಕ್ಲಾಸಿನ ಮುಂದೆ ನಿಂತಾಗ ಮೂರು ಸೆಕೆಂಡಿನ ಮೌನ ಮೂರು ನಿಮಿಷದ ಹಾಗೆ ಭಾಸವಾಗುತ್ತದೆ. ನಾನು ಬೆನ್ನ ಹಿಂದೆ ಕೈ ಇಟ್ಟು ಬೆರಳಲ್ಲಿ ಐದು ಎಣಿಸುತ್ತೇನೆ. ಮಗು ಉತ್ತರ ಹೇಳಿದ ಮೇಲೂ ಹಾಗೇ ಕಾಯಿರಿ. "ವೆರಿ ಗುಡ್" ಅಂದ ತಕ್ಷಣ ಚರ್ಚೆ ಸತ್ತಿತು, ಯಾಕೆಂದರೆ ಸರಿ ಉತ್ತರ ಬಂತು ಅಂತ ನೀವೇ ಡಂಗುರ ಹೊಡೆದಿರಿ. ಅದರ ಬದಲು "ಹೂಂ, ಇವಳು ಹೇಳಿದ್ದನ್ನು ನೀನು ಒಪ್ಪುತ್ತೀಯಾ?" ಅಂತ ಬೇರೆಯವರ ಕಡೆ ತಿರುಗಿ.

ಎಲ್ಲದಕ್ಕೂ ತಾವೇ ಉತ್ತರ ಹೇಳುವ ಮಕ್ಕಳಿರುತ್ತಾರೆ. ಬೈದರೆ ಬಾಡಿಹೋಗುತ್ತಾರೆ, ಬಿಟ್ಟರೆ ಬೇರೆಯವರಿಗೆ ಜಾಗ ಇಲ್ಲ. ಎಲ್ಲರಿಗೂ ಮೂರು ಮೂರು ಬೀಜ ಕೊಡಿ, ಒಂದು ಸಲ ಮಾತಾಡಿದರೆ ಒಂದು ಬೀಜ ಮುಂದಿಡಬೇಕು, ಬೀಜ ಮುಗಿದರೆ ಮಾತು ಮುಗಿಯಿತು. ಮಾತುಗಾರರು ಆಗ ಅಳೆದು ತೂಗಿ ಮಾತಾಡುತ್ತಾರೆ. ಮಾತೇ ಆಡದ ಮಕ್ಕಳಿಗೆ ನೇರ ಪ್ರಶ್ನೆ ಎಸೆಯಬೇಡಿ. "ಬರೆದದ್ದನ್ನು ಓದು" ಅನ್ನಿ. ಓದುವುದು ಮಾತಾಡುವುದಕ್ಕಿಂತ ಕಮ್ಮಿ ಭಯ.

ಸಮಾಜ, ಭಾಷೆಯಂತಹ ವಿಷಯಗಳಲ್ಲಿ ಅಪಾಯ ಬೇರೆ. ಅಲ್ಲಿ ಚರ್ಚೆ ಹೋಗಿ ಭಾಷಣ ಸ್ಪರ್ಧೆಯಾಗುತ್ತದೆ. "ರಸ್ತೆ ಅಗಲ ಮಾಡುವುದು ಒಳ್ಳೆಯದೋ ಕೆಟ್ಟದ್ದೋ" ಅಂದರೆ ಎರಡು ಪಾರ್ಟಿ ಆಗಿ ಕೂಗಾಟ. "ರಸ್ತೆ ಅಗಲವಾದರೆ ಯಾರಿಗೆ ಲಾಭ, ಯಾರಿಗೆ ನಷ್ಟ, ಅದು ನಿನಗೆ ಹೇಗೆ ಗೊತ್ತು?" ಅಂತ ಕೇಳಿ. ಆ ಕೊನೆಯ ನಾಲ್ಕು ಪದಗಳೇ ಇಡೀ ಚರ್ಚೆಯನ್ನು ನೆಲದ ಮೇಲೆ ನಿಲ್ಲಿಸುವುದು. ಅರ್ಧದಲ್ಲಿ ಪಕ್ಷ ಅದಲು ಬದಲು ಮಾಡಿಸುವುದೂ ಒಳ್ಳೆ ಉಪಾಯ. ಹತ್ತು ನಿಮಿಷ ತಾನು ಹೀಗಳೆದದ್ದನ್ನು ಈಗ ತಾನೇ ಸಮರ್ಥಿಸಬೇಕು ಅಂದಾಗ ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ಯೋಚಿಸುತ್ತಾರೆ.

ಉದ್ದದ ಪಾಠವನ್ನು ಓದಿಸಬೇಕಾದಾಗ ಜಿಗ್ಸಾ ಪದ್ಧತಿ ಚೆನ್ನಾಗಿದೆ. ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಇದನ್ನು ರೂಪಿಸಿದರು. ಬಿಳಿಯ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳು ಆಗಷ್ಟೇ ಒಂದೇ ಕ್ಲಾಸಿಗೆ ಬಂದು ಜಗಳ ಶುರುವಾಗಿತ್ತು. ಪಾಠವನ್ನು ನಾಲ್ಕು ತುಂಡು ಮಾಡಿ, ನಾಲ್ವರ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡಿ. ಒಂದೇ ತುಂಡು ಸಿಕ್ಕವರು ಒಟ್ಟಿಗೆ ಕೂತು ಅದನ್ನು ಅರಗಿಸಿಕೊಳ್ಳಲಿ, ಆಮೇಲೆ ತಮ್ಮ ಮೂಲ ಗುಂಪಿಗೆ ವಾಪಸ್ ಬಂದು ಕಲಿಸಲಿ. ಪ್ರತಿ ಮಗುವಿನ ಹತ್ತಿರವೂ ಬೇರೆಯವರ ಹತ್ತಿರ ಇಲ್ಲದ್ದು ಏನೋ ಇರುತ್ತದೆ, ಹಾಗಾಗಿ ಕೇಳದೆ ವಿಧಿಯಿಲ್ಲ.

ಮೂರನೆಯದು: ಮಕ್ಕಳೇ ಮಾಡುವ ಸಂಶೋಧನೆ

ಇಲ್ಲಿ ಮೊದಲು ಒಂದು ಭ್ರಮೆ ಕಳಚಬೇಕು. ಇಂಟರ್ನೆಟ್ಟಿನಿಂದ ಚಿತ್ರ ಇಳಿಸಿ, ಚಾರ್ಟಿಗೆ ಅಂಟಿಸಿ, ಸುತ್ತ ಮಿನುಗು ಹಚ್ಚಿ ತಂದರೆ ಅದು ಸಂಶೋಧನೆ ಅಲ್ಲ. ಅದು ಅಪ್ಪ ಅಮ್ಮನ ರಾತ್ರಿ ಪಾಳಿ. ನನ್ನ ಪರೀಕ್ಷೆ ಇಷ್ಟೇ: ಮಗು ತಂದಿರುವುದರಲ್ಲಿ ಒಂದಾದರೂ ಅಂಕಿ ಅಥವಾ ಒಂದಾದರೂ ವಾಕ್ಯ, ಆ ಮಗು ಅಳೆಯುವ ಅಥವಾ ಕೇಳುವ ಮುಂಚೆ ಯಾರ ಹತ್ತಿರವೂ ಇರಲಿಲ್ಲ ಅನ್ನುವಂಥದ್ದು ಇದೆಯೇ?

ಪ್ರಶ್ನೆ ಕಡೆಯುವುದಕ್ಕೆ ಇಡೀ ಒಂದು ಪೀರಿಯಡ್ ಕೊಡಿ. ಮಕ್ಕಳು ತರುವುದು "ನೀರಿನ ಬಗ್ಗೆ" ಅನ್ನುವಂಥದ್ದು. ನೀರಿನ ಬಗ್ಗೆ ಏನು? "ನೀರು ಪೋಲಾಗುವುದು." ಎಲ್ಲಿ? "ನಲ್ಲಿಯಲ್ಲಿ." ಯಾವ ನಲ್ಲಿ? ಹೀಗೆ ಕೆಳಗಿಳಿದು ಇಳಿದು "ಶಾಲೆಯ ಸೋರುವ ನಲ್ಲಿಯಿಂದ ಒಂದು ದಿನಕ್ಕೆ ಎಷ್ಟು ನೀರು ಹೋಗುತ್ತದೆ?" ಅನ್ನುವಲ್ಲಿಗೆ ಬರಬೇಕು. ಇದಕ್ಕೆ ಒಂದು ಅಳತೆಯ ಪಾತ್ರೆ, ಒಂದು ಗಡಿಯಾರ ಸಾಕು. 10 ನಿಮಿಷಕ್ಕೆ 50 ಮಿಲಿಲೀಟರ್ ಬಂದರೆ ಗಂಟೆಗೆ 300, ದಿನಕ್ಕೆ 7.2 ಲೀಟರ್. ಮಕ್ಕಳೇ ಬೆಚ್ಚಿಬೀಳುತ್ತಾರೆ, ನೀವು ಘೋಷಣೆ ಕೂಗಿಸುವುದೇ ಬೇಡ. ಎಲ್ಲಿ, ಯಾರು, ಯಾವಾಗ, ಎಷ್ಟು ಅನ್ನುವುದಕ್ಕೆ ಉತ್ತರ ಇಲ್ಲದ ಪ್ರಶ್ನೆಯನ್ನು ವಾಪಸ್ ಕಳಿಸಿ.

ಆಮೇಲೆ ಊಹೆ. ಪ್ರತಿ ಮಗುವೂ ಅಳೆಯುವ ಮೊದಲು ತನ್ನ ಊಹೆ ಬರೆದು ಸಹಿ ಹಾಕಬೇಕು. ತಮಾಷೆಯಾಗಿ ಕಾಣಬಹುದು, ಆದರೆ ಇಲ್ಲದಿದ್ದರೆ ಕೊನೆಗೆ ಎಲ್ಲರೂ "ನಂಗೆ ಮೊದಲೇ ಗೊತ್ತಿತ್ತು" ಅನ್ನುತ್ತಾರೆ.

ಒಂದು ಘಟನೆ ಹೇಳುತ್ತೇನೆ. ಲೋಲಕದ ಪಾಠ. ಭಾರ ಜಾಸ್ತಿ ಆದರೆ ಬೇಗ ತೂಗುತ್ತದೆ ಅಂತ ಮುಕ್ಕಾಲು ಕ್ಲಾಸಿನ ಊಹೆ. ಸರಿ, ಅಳೆಯಿರಿ ಅಂದೆ. 50 ಸೆಂಟಿಮೀಟರ್ ದಾರ, ತುದಿಗೆ ಕಬ್ಬಿಣದ ನಟ್ಟು. ಒಂದು ತೂಗಾಟ ಅಳೆದರೆ ಸ್ಟಾಪ್‌ವಾಚ್ ಒತ್ತುವುದರಲ್ಲೇ ಎಡವಟ್ಟಾಗುತ್ತದೆ, ಅದಕ್ಕೇ ಹತ್ತು ತೂಗಾಟ ಅಳೆದು ಹತ್ತರಿಂದ ಭಾಗಿಸಿ ಅಂತ ಮಾತ್ರ ಹೇಳಿಕೊಟ್ಟಿದ್ದೆ. ನಟ್ಟಿಗೆ ಹತ್ತಿರ ಹತ್ತಿರ 14.2 ಸೆಕೆಂಡು ಬಂತು. ಭಾರ ಹೆಚ್ಚಿಸಲು ಒಂದು ಗುಂಪು ಅದೇ ದಾರಕ್ಕೆ ಕಲ್ಲು ತುಂಬಿದ ಚಿಕ್ಕ ಚೀಲ ಕಟ್ಟಿತು. 15 ಸೆಕೆಂಡು. ಮೂರು ಸಲ ಅಳೆದರು, ಮೂರು ಸಲವೂ ಅಷ್ಟೇ. "ಭಾರ ಆದರೆ ನಿಧಾನ" ಅಂತ ಬರೆದುಕೊಂಡು ಬಂದರು.

ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ಇತ್ತು. ನುಂಗಿಕೊಂಡೆ. "ಪಕ್ಕದ ಗುಂಪು ಒಂದು ನಟ್ಟಿನ ಬದಲು ಮೂರು ನಟ್ಟು ಒಟ್ಟಿಗೆ ಕಟ್ಟಿದೆ, ಅವರದ್ದು 14.2ರಲ್ಲೇ ಇದೆ, ಹೋಗಿ ನೋಡಿ ಬನ್ನಿ" ಅಂದೆ. ಹೋದರು. ಎರಡೂ ಲೋಲಕಗಳನ್ನು ಅಕ್ಕಪಕ್ಕ ತೂಗುಬಿಟ್ಟು ಸುಮಾರು ಹೊತ್ತು ನಿಂತರು. ಕೊನೆಗೆ ಅವರಲ್ಲೊಬ್ಬಳು ನೆಲದ ಮೇಲೆ ಕೂತು ಕೆಳಗಿನಿಂದ ನೋಡಿ, "ನಮ್ಮ ಚೀಲ ಇವರದ್ದಕ್ಕಿಂತ ಕೆಳಗೆ ಬರುತ್ತಿದೆ, ದಾರ ಅಷ್ಟೇ ಆದರೂ ನಮ್ಮದು ಉದ್ದ" ಅಂದಳು. ಚೀಲದ ಕಲ್ಲೆಲ್ಲ ಗಂಟಿನಿಂದ ಐದಾರು ಸೆಂಟಿಮೀಟರ್ ಕೆಳಗೆ ಕೂತಿತ್ತು. ಅಳೆಯಬೇಕಾದದ್ದು ಗಂಟಿನವರೆಗೆ ಅಲ್ಲ, ಭಾರದ ನಡುವಿನವರೆಗೆ. ದಾರ ಮೇಲೆಳೆದು ಕಟ್ಟಿದರು, ಮತ್ತೆ ಅಳೆದರು, ಸಮಯ ಸರಿಹೋಯಿತು. ಒಂದೇ ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು ಅನ್ನುವ ನಿಯಮವನ್ನು ಆ ಗುಂಪಿಗೆ ನಾನು ಮತ್ತೆಂದೂ ಹೇಳಬೇಕಾಗಿ ಬರಲಿಲ್ಲ.

ದಾಖಲೆಗೆ ಒಂದು ಪುಸ್ತಕ ಇರಲಿ, ಫೇರ್ ಕಾಪಿ ಅಲ್ಲ, ಕಚ್ಚಾ ಪುಸ್ತಕ. ತಪ್ಪನ್ನು ಅಳಿಸುವ ಹಾಗಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆಯಬೇಕು. ರಬ್ಬರ್ ನಿಷೇಧ. ದಿನಾಂಕ, ಸಮಯ ಬರೆಯುವುದು ಕಡ್ಡಾಯ.

ಸಂಶೋಧನೆ ಬರೀ ವಿಜ್ಞಾನಕ್ಕಲ್ಲ. ಭಾಷೆಯ ಕ್ಲಾಸಿನಲ್ಲಿ ಒಂದು ವಾರ 'ಹೊಡೆ' ಅನ್ನುವ ಕ್ರಿಯಾಪದವನ್ನು ಬೇಟೆಯಾಡಲು ಮಕ್ಕಳನ್ನು ಬಿಟ್ಟು ನೋಡಿ. ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಂಡು ಬರಲಿ, ಯಾರು ಯಾವಾಗ ಹೇಳಿದ್ದು ಅನ್ನುವುದರ ಸಮೇತ. ಗೊರಕೆ ಹೊಡೆ, ಸೀಟಿ ಹೊಡೆ, ಗಂಟೆ ಹೊಡೆ, ಸುತ್ತು ಹೊಡೆ, ಈಜು ಹೊಡೆ, ಸೆಲ್ಯೂಟ್ ಹೊಡೆ, ಕಣ್ಣು ಹೊಡೆ, ಕೊಳ್ಳೆ ಹೊಡೆ. ಆಮೇಲೆ ಗುಂಪು ಮಾಡಲಿ: ಪೆಟ್ಟು ಬೀಳುವುದು, ಸದ್ದು ಬರುವುದು, ಸುತ್ತಾಡುವುದು, ಎಲ್ಲೂ ಸೇರದವು. ಕಣ್ಣು ಹೊಡೆಯುವುದನ್ನು ಎಲ್ಲಿ ಸೇರಿಸಬೇಕು ಅನ್ನುವ ಜಗಳದಲ್ಲಿ ನುಡಿಗಟ್ಟಿನ ಪಾಠ ತಾನಾಗಿ ಆಗುತ್ತದೆ.

ಜನರನ್ನು ಪ್ರಶ್ನೆ ಕೇಳಿ ಮಾಹಿತಿ ತರುವುದಾದರೆ ಪ್ರಶ್ನೆಪಟ್ಟಿಯನ್ನು ಮೊದಲು ನೀವು ನೋಡಿ. "ನಿಮಗೆ ಓದುವುದು ಇಷ್ಟ ಅಲ್ವಾ?" ಅಂದರೆ ಯಾರು ಇಲ್ಲ ಅಂತಾರೆ? "ಕಳೆದ ವಾರ ಎಷ್ಟು ದಿನ ಪಾಠದ ಪುಸ್ತಕ ಬಿಟ್ಟು ಬೇರೆ ಏನಾದರೂ ಓದಿದಿರಿ?" ಅಂದರೆ ನಿಜ ಹೊರಬರುತ್ತದೆ. ಹೆಸರು ಬರೆಸಿಕೊಳ್ಳಬೇಡಿ, ಕೇಳುವ ಮೊದಲು ಒಪ್ಪಿಗೆ ಕೇಳಲಿ, ಬರೀ ಗೆಳೆಯರನ್ನೇ ಕೇಳಿ ಬರಬಾರದು.

ಕೊನೆಗೆ ಮಂಡನೆ. ಐದು ನಿಮಿಷ, ಹೆಚ್ಚಿಲ್ಲ. ಏನು ಕೇಳಿದೆವು, ಏನು ಮಾಡಿದೆವು, ಏನು ಸಿಕ್ಕಿತು, ಯಾವುದರ ಬಗ್ಗೆ ಇನ್ನೂ ಅನುಮಾನ ಇದೆ. ಕೊನೆಯದನ್ನು ಹೇಳದ ಗುಂಪನ್ನು ನಾನು ವಾಪಸ್ ಕೂರಿಸುತ್ತೇನೆ. ಕೇಳುವ ಮಕ್ಕಳಿಗೂ ಕೆಲಸ ಇರಬೇಕು, ಇಲ್ಲದಿದ್ದರೆ ನಿದ್ದೆ: ಪ್ರತಿ ಗುಂಪೂ ಒಂದು ಪ್ರಶ್ನೆ ಕೇಳಲೇಬೇಕು.

ಗದ್ದಲ, ಅಂಕ, ಸಮಯ

ಗದ್ದಲ ಆಗುತ್ತದೆ. ಪಕ್ಕದ ಕ್ಲಾಸಿನಿಂದ ದೂರು ಬಂದೇ ಬರುತ್ತದೆ, ನನಗೂ ಬಂದಿದೆ. ಒಂದು ಸಂಜ್ಞೆ ಕಲಿಸಿ: ನಾನು ಕೈ ಎತ್ತಿದರೆ ನೋಡಿದವರು ಕೈ ಎತ್ತಿ ಮಾತು ನಿಲ್ಲಿಸಬೇಕು. ಇದನ್ನು ಮೊದಲ ವಾರ ಪಾಠವಿಲ್ಲದೆ ಬರೀ ಆಟದ ಹಾಗೆ ಅಭ್ಯಾಸ ಮಾಡಿಸಿ. 60 ಮಕ್ಕಳ ಕ್ಲಾಸಿನಲ್ಲಿ ಬೆಂಚು ಸರಿಸುವುದು ಬೇಡ, ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿದರೆ ನಾಲ್ವರ ಗುಂಪು ರೆಡಿ.

ಅಂಕದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಇಡೀ ಗುಂಪಿಗೆ ಒಂದೇ ಅಂಕ ಕೊಟ್ಟರೆ ದುಡಿದ ಮಗುವಿಗೆ ಹೊಟ್ಟೆ ಉರಿಯುತ್ತದೆ, ಅದು ನ್ಯಾಯವೇ. ಗುಂಪಿನ ಕೆಲಸ ಮುಗಿದ ಮೇಲೆ ಪ್ರತಿಯೊಬ್ಬರೂ ಒಂಟಿಯಾಗಿ ಐದು ನಿಮಿಷ ಒಂದು ಚೀಟಿ ಬರೆಯಲಿ: ಇವತ್ತು ಏನು ಗೊತ್ತಾಯಿತು, ಯಾಕೆ ಅದು ನಿಜ ಅಂತ ನಂಬುತ್ತೀಯ? ಅಂಕ ಆ ಚೀಟಿಗೆ. ಸಂಶೋಧನೆಯಲ್ಲಿ ಊಹೆ ತಪ್ಪಾಗಿದ್ದಕ್ಕೆ ಅಂಕ ಕಳೆಯಬೇಡಿ. ಕಳೆದರೆ ಮುಂದಿನ ಸಲ ಮಕ್ಕಳು ಊಹೆಗೆ ತಕ್ಕ ಹಾಗೆ ಅಂಕಿ ತಿದ್ದುತ್ತಾರೆ.

ಪೋರ್ಷನ್ ಮುಗಿಯಲ್ಲ ಅನ್ನುವ ಭಯ ನಿಜವಾದದ್ದು. ಹಾಗಾಗಿ ಚಿಕ್ಕದರಿಂದ ಶುರು ಮಾಡಿ. ಮೊದಲ ಎರಡು ಮೂರು ವಾರ ವಾರಕ್ಕೆ ಒಂದೇ ಒಂದು ವೋಟಿನ ಪ್ರಶ್ನೆ, ಹತ್ತು ನಿಮಿಷ. ಅದು ಕೈಗೆ ಹತ್ತಿದ ಮೇಲೆ ತಿಂಗಳಿಗೆ ಒಂದೆರಡು ಪೂರ್ತಿ ಸಮಸ್ಯೆ ಕ್ಲಾಸು. ಸಂಶೋಧನೆ ಟರ್ಮಿಗೆ ಒಂದು ಸಾಕು, ಎರಡು ವಾರದೊಳಗೆ ಮುಗಿಯುವಂಥದ್ದು. ಮಕ್ಕಳಿಂದ ಬಂದ ತಪ್ಪು ಉತ್ತರಗಳನ್ನೆಲ್ಲ ಅದೇ ದಿನ ಒಂದು ಡೈರಿಯಲ್ಲಿ ಬರೆದಿಡಿ, ಮಕ್ಕಳ ಮಾತಿನಲ್ಲೇ, ತಿದ್ದದೆ. ಮುಂದಿನ ವರ್ಷ ವೋಟಿಗೆ ಇಡಬೇಕಾದ ಒಂದು, ಎರಡು, ಮೂರು ನಿಮಗೆ ಅಲ್ಲೇ ಸಿಗುತ್ತವೆ.